ಚಳಿಗಾಲಕ್ಕೆ ಉಣ್ಣೆಯ ಕಾಲುಗವಸು: ಮನೆಯಲ್ಲೇ ಹೆಣೆಯಿರಿ



ಧನುರ್ಮಾಸದ ನಸುಕಿನಲ್ಲೆದ್ದು ಸಗಣಿ ಬಾಚಿ, ಹಾಲು ಕರೆದು, ಸಂಘಕ್ಕೆ ಹಾಕಿ ಬರುವ ನಿಮಗೆ ತಣ್ಣನೆಯ ನೆಲದ ಅನುಭವ ಚೆನ್ನಾಗಿ ಗೊತ್ತು. ಕೊಟ್ಟಿಗೆ ಕೆಲಸ ಮುಗಿಸಿ, ಕಾಲು ತೊಳೆದು ಒರೆಸಿಕೊಂಡ ಮೇಲೆ ಮನೆಯೊಳಗೆ ಹಾಕಿಕೊಳ್ಳಲು ಬೆಚ್ಚನೆಯ ಕಾಲುಗವಸನ್ನು ನೀವೇ ಹೆಣೆದುಕೊಳ್ಳಬಹುದು. ಮನೆಯ ಹಿರಿಯರಿಗೂ ಇದು ಉಪಯುಕ್ತ.

ಉಣ್ಣೆಯ ಎಳೆ ಗುಂಗುರಾಗಿರುವುದರಿಂದ ಅದರ ನಡುವೆ ಗಾಳಿ ನಿಂತು, ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ಅಂಗಡಿಯಲ್ಲಿ 'ಉಲ್ಲನ್' ಎಂದು ಮಾರುವ ದಾರವೆಲ್ಲ ಉಣ್ಣೆಯಲ್ಲ. ಒಂದು ಎಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಕೃತಕ ದಾರವಾದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಕೃತಕ ದಾರದ ಗವಸು ಹಾಕಿಕೊಂಡು ಒಲೆಯ ಮುಂದೆ ಕೂರಬೇಡಿ.

ಬೇಕಾಗುವ ಸಾಮಗ್ರಿ: 4 ಎಳೆಯ ಉಣ್ಣೆ ದಾರ ಸುಮಾರು 150 ಗ್ರಾಂ, 7ನೇ ನಂಬರಿನ ಒಂದು ಜೊತೆ ಹೆಣಿಗೆ ಕಡ್ಡಿ, ದಪ್ಪ ಸೂಜಿ, ಹಳೆಯ ಸೈಕಲ್ ಟ್ಯೂಬಿನ ತುಂಡು.

ಹೆಣೆಯುವ ವಿಧಾನ (ದೊಡ್ಡವರ ಅಳತೆ):

1. ದಾರವನ್ನು ಜೋಡಿ ಮಾಡಿಕೊಂಡು 36 ಕುಣಿಕೆ ಹಾಕಿ. ಇದು ಹಿಮ್ಮಡಿಯ ಅಂಚು. 9 ಕುಣಿಕೆ ಸುಮಾರು 2 ಅಂಗುಲ ಬರಬೇಕು.

2. ಎಲ್ಲ ಸಾಲುಗಳನ್ನೂ ಸೀದಾ ಹೆಣೆಯಿರಿ. ಪಾದದ ಉದ್ದಕ್ಕಿಂತ 3 ಅಂಗುಲ ಕಡಿಮೆ ಇರುವಾಗ ನಿಲ್ಲಿಸಿ.

3. ಮುಂದೆ 2 ಅಂಗುಲ ಒಂದು ಸೀದಾ, ಒಂದು ಉಲ್ಟಾ ಹೆಣೆಯಿರಿ. ದಾರ ಕತ್ತರಿಸಿ, ಎಲ್ಲ ಕುಣಿಕೆಗಳಲ್ಲಿ ತೂರಿಸಿ ಬಿಗಿಯಾಗಿ ಎಳೆದು ಗಂಟು ಹಾಕಿ. ಬೆರಳಿನ ಭಾಗ ಸಿದ್ಧವಾಯಿತು.

4. ಉದ್ದಕ್ಕೆ ಮಡಿಸಿ, ಬೆರಳಿನ ತುದಿಯಿಂದ ಮೇಲ್ಭಾಗವನ್ನು 4 ಅಂಗುಲ ಹೊಲಿಯಿರಿ.

5. ಉಳಿದ ಬಾಯಿಯ ಒಂದೊಂದು ಬದಿಯಿಂದ 18ರಂತೆ 36 ಕುಣಿಕೆ ಎತ್ತಿಕೊಂಡು, ಒಂದು ಸೀದಾ, ಒಂದು ಉಲ್ಟಾ 4 ಅಂಗುಲ ಹೆಣೆದು ಸಡಿಲವಾಗಿ ಮುಗಿಸಿ.

6. ಹಿಂಬದಿಯನ್ನು ಮೇಲಿನಿಂದ ಕೆಳಕ್ಕೆ ಹೊಲಿಯುತ್ತ ಬನ್ನಿ. ತಳದಲ್ಲಿ 8 ಕುಣಿಕೆ ಉಳಿದಾಗ, ಅದರ ನಡುಭಾಗವನ್ನು ಮೇಲೆತ್ತಿ ಹೊಲಿಗೆಗೆ ತಾಗಿಸಿ ಅಡ್ಡಲಾಗಿ ಹೊಲಿಯಿರಿ. ಹಿಮ್ಮಡಿ ಚೂಪಾಗದೆ ಸರಿಯಾಗಿ ಕೂರುತ್ತದೆ.

ಎರಡನೆಯದನ್ನೂ ಹೀಗೆಯೇ ಹೆಣೆಯಿರಿ. ಎಡ ಬಲ ಎಂಬ ಭೇದವಿಲ್ಲ.

ಎಚ್ಚರಿಕೆ: ಗಾರೆ ನೆಲದಲ್ಲಿ ಬರಿಯ ಉಣ್ಣೆ ಜಾರುತ್ತದೆ. ವಯಸ್ಸಾದವರು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಆದ್ದರಿಂದ ಟ್ಯೂಬಿನ ತುಂಡುಗಳನ್ನು ಅಂಗಾಲಿನ ಮುಂದೆ, ಹಿಂದೆ ತಪ್ಪದೆ ಹೊಲಿಯಿರಿ. ಒದ್ದೆ ನೆಲ, ಬಚ್ಚಲು, ಕೊಟ್ಟಿಗೆಗೆ ಇದನ್ನು ಹಾಕಿಕೊಂಡು ಹೋಗಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಹೆಣೆಯುವಾಗ ಹೊಲಿಗೆಯ ಗಂಟುಗಳು ಹೊರಗಿರಲಿ. ಅಂಥವರ ಪಾದ ಮರಗಟ್ಟಿದ್ದರೆ ಒಳಗಿನ ಗಂಟು ಒತ್ತಿ ಗಾಯವಾದರೂ ತಿಳಿಯುವುದಿಲ್ಲ. ಅವರು ಕೆಂಡಕ್ಕೆ ಕಾಲು ಕಾಯಿಸಿಕೊಳ್ಳುವುದೂ ಅಪಾಯ. ದಿನವೂ ಗವಸು ತೆಗೆದು ಪಾದ ನೋಡಿ. ಗಾಯ ಕಂಡರೆ ವೈದ್ಯರಿಗೆ ತೋರಿಸಿ.

ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ಒಗೆದು, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಿ.

ಮಧ್ಯಾಹ್ನದ ಬಿಡುವಿನಲ್ಲಿ ದಿನಕ್ಕೊಂದು ಗಂಟೆ ಕೂತರೂ ಸಾಕು, ಮಾಗಿಯ ಚಳಿ ಬಲಿಯುವ ಮೊದಲೇ ಒಂದು ಜೊತೆ ಮುಗಿಯುತ್ತದೆ. ಮೊದಲ ಜೊತೆ ಮನೆಯ ಹಿರಿಯರ ಕಾಲಿಗೆ, ಎರಡನೆಯದು ನಿಮ್ಮ ಕಾಲಿಗೆ.