ದೀಪದ ಗುರುತಿನ ಪಕ್ಷ: ಭಾರತೀಯ ಜನಸಂಘದ ಚರಿತ್ರೆ

ಚುನಾವಣೆಯಲ್ಲಿ ಗೆದ್ದವರ ಚರಿತ್ರೆಯನ್ನು ಎಲ್ಲರೂ ಓದುತ್ತಾರೆ. ಸೋತವರ ಚರಿತ್ರೆಯನ್ನು ಓದುವವರು ವಿರಳ. ಆದರೆ ಪ್ರಜಾಪ್ರಭುತ್ವದ ಮರ್ಮವನ್ನು ಅರಿಯಬಯಸುವ ವಿದ್ಯಾರ್ಥಿಗೆ, ಬಹುಕಾಲ ಸೋಲುತ್ತಲೇ ಬಂದ ಚಿಕ್ಕ ಪಕ್ಷವೊಂದರ ಇತಿಹಾಸವು ಹೆಚ್ಚು ಬೋಧಪ್ರದವಾಗಬಲ್ಲದು. ನಮ್ಮ ಭಾಗದಲ್ಲಿ ಅಂತಹ ಪಕ್ಷವಾಗಿದ್ದುದು ಭಾರತೀಯ ಜನಸಂಘ.

ನೆಹರೂ ಸಂಪುಟಕ್ಕೆ 1950ರಲ್ಲಿ ರಾಜೀನಾಮೆಯಿತ್ತ ಡಾ. ಶ್ಯಾಮಾಪ್ರಸಾದ ಮುಖರ್ಜಿಯವರು 1951ರ ಅಕ್ಟೋಬರ್ 21ರಂದು ದಿಲ್ಲಿಯಲ್ಲಿ ಇದನ್ನು ಸ್ಥಾಪಿಸಿದರು. ರಾಷ್ಟ್ರೀಯ ಸ್ವಯಂಸೇವಕ ಸಂಘದ ಕಾರ್ಯಕರ್ತರೇ ಇದರ ಬೆನ್ನೆಲುಬು. ದೀಪವು ಇದರ ಚುನಾವಣಾ ಚಿಹ್ನೆ. ಮೊದಲ ಮಹಾಚುನಾವಣೆಯಲ್ಲಿ ಇದಕ್ಕೆ ದೊರೆತವು ಲೋಕಸಭೆಯ 3 ಸ್ಥಾನಗಳು ಮಾತ್ರ. ಕಾಶ್ಮೀರದ ಸಂಪೂರ್ಣ ವಿಲೀನಕ್ಕಾಗಿ ಹೋರಾಡುತ್ತ ಬಂಧಿತರಾದ ಮುಖರ್ಜಿಯವರು 1953ರ ಜೂನ್ 23ರಂದು ಶ್ರೀನಗರದಲ್ಲಿ ನಿಧನ ಹೊಂದಿದರು. ನಾಯಕನನ್ನು ಕಳೆದುಕೊಂಡ ಪಕ್ಷವನ್ನು ಸಂಘಟಿಸಿದವರು ಪಂಡಿತ ದೀನದಯಾಳ ಉಪಾಧ್ಯಾಯರು. ಗೋರಕ್ಷಣೆ, ಬಲಿಷ್ಠ ರಕ್ಷಣಾ ವ್ಯವಸ್ಥೆ, ಸಹಕಾರಿ ಸಾಮೂಹಿಕ ಬೇಸಾಯದ ವಿರೋಧ ಇವು ಪಕ್ಷದ ಮುಖ್ಯ ನಿಲುವುಗಳಾಗಿದ್ದವು.

ಈ ಪಕ್ಷಕ್ಕೂ ನಮ್ಮ ನೆಲಕ್ಕೂ ಇರುವ ನಂಟು ಗಮನಾರ್ಹವಾದುದು. ನವಲಗುಂದದ ನೆರೆಯ ನರಗುಂದವು 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿತ್ತು. ಅಲ್ಲಿ 1920ರಲ್ಲಿ ಜನಿಸಿದ ಜಗನ್ನಾಥರಾವ ಜೋಶಿಯವರು ಜನಸಂಘದ ಅಗ್ರಗಣ್ಯ ವಾಗ್ಮಿಗಳಾದರು. 1955ರ ಗೋವಾ ವಿಮೋಚನಾ ಸತ್ಯಾಗ್ರಹದಲ್ಲಿ ತಂಡವೊಂದರ ಮುಂದಾಳಾಗಿ ನಡೆದು ಪೋರ್ತುಗೀಜರ ಸೆರೆಮನೆ ಕಂಡರು. ಆದರೆ ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದವರು ಧಾರವಾಡದ ಮತದಾರರಲ್ಲ. 1967ರಲ್ಲಿ ಭೋಪಾಲದವರು, 1971ರಲ್ಲಿ ಶಾಜಾಪುರದವರು.

ತವರಿನಲ್ಲಿ ಬೇರೂರದ ಪಕ್ಷವು ದೂರದ ಮಧ್ಯಪ್ರದೇಶದಲ್ಲಿ ಬೆಳೆದುದೇಕೆ? ಇಲ್ಲಿಯ ಜನ ಹಂಬಲಿಸಿದುದು ಕರ್ನಾಟಕದ ಏಕೀಕರಣವನ್ನು. 1956ರಲ್ಲಿ ಅದು ಕೈಗೂಡಿದಾಗ ಅದರ ಕೀರ್ತಿಯ ಬಹುಪಾಲು ಕಾಂಗ್ರೆಸ್ಸಿಗೂ ಎಸ್. ನಿಜಲಿಂಗಪ್ಪನವರಂತಹ ನಾಯಕರಿಗೂ ಸಂದಿತು. ಜನಸಂಘವಾದರೋ ಏಕಾತ್ಮಕ ಆಡಳಿತವನ್ನೂ ಹಿಂದಿಯನ್ನೂ ಎತ್ತಿಹಿಡಿಯುತ್ತಿತ್ತು. ಅದರ ಬೆಂಬಲಿಗರು ಹೆಚ್ಚಾಗಿ ಪಟ್ಟಣದ ವರ್ತಕರು, ವಿದ್ಯಾವಂತರು. ಹಳ್ಳಿಯ ಒಕ್ಕಲಿನ ಮನೆಗೆ ಆ ದೀಪದ ಬೆಳಕು ತಲುಪಿದ್ದು ಅಲ್ಪವೇ. 1967ರಲ್ಲಿ ದೇಶದಾದ್ಯಂತ ಲೋಕಸಭೆಯ 35 ಸ್ಥಾನ ಗಳಿಸಿದಾಗಲೂ ಮೈಸೂರು ವಿಧಾನಸಭೆಯಲ್ಲಿ ಅದಕ್ಕೆ ಸಿಕ್ಕವು 4 ಮಾತ್ರ. ಆ ನಾಲ್ವರಲ್ಲಿ ಹುಬ್ಬಳ್ಳಿ ನಗರದ ಸದಾಶಿವ ಶೆಟ್ಟರ ಒಬ್ಬರು. 1972ರಲ್ಲಿ ಅವೂ ಉಳಿಯಲಿಲ್ಲ.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಿತವಾದಾಗ, ಸಂಸದೀಯ ಸಮಿತಿಯ ಕಾರ್ಯಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿಯವರು ಅಲ್ಲಿಯೇ ಬಂಧಿತರಾದರು. ಅವರೊಡನೆ ಸೆರೆಯಾದವರಲ್ಲಿ ಸಮಾಜವಾದಿ ಮಧು ದಂಡವತೆಯವರೂ ಇದ್ದರು. ಬದ್ಧ ವಿರೋಧಿಗಳು ಒಂದೇ ಕಾರಾಗೃಹದಲ್ಲಿ ದಿನ ಕಳೆದರು. 1977ರಲ್ಲಿ ಜನಸಂಘವು ತನ್ನ ಹೆಸರನ್ನೂ ಗುರುತನ್ನೂ ತ್ಯಜಿಸಿ ಜನತಾ ಪಕ್ಷದಲ್ಲಿ ಲೀನವಾಯಿತು. ಆದರೆ ಸಂಘದ ಸಂಬಂಧವನ್ನು ಬಿಡಲೊಲ್ಲದೆ, ದ್ವಿಸದಸ್ಯತ್ವದ ಕಲಹದಿಂದ ಹೊರಬಂದು 1980ರ ಏಪ್ರಿಲ್ 6ರಂದು ಭಾರತೀಯ ಜನತಾ ಪಕ್ಷವಾಗಿ ಮರುಹುಟ್ಟು ಪಡೆಯಿತು. ಅದರ ಮುಂದಿನ ಬೆಳವಣಿಗೆ ಬೇರೆಯೇ ಚರಿತ್ರೆ.

ಈ ಪಕ್ಷವನ್ನು ರಾಷ್ಟ್ರನಿಷ್ಠೆಯ ಸಾಕಾರವೆಂದು ಕೊಂಡಾಡಿದವರುಂಟು. ಅಲ್ಪಸಂಖ್ಯಾತರನ್ನು ಹೊರಗಿಡುವ ಮತೀಯ ಪಕ್ಷವೆಂದು ಖಂಡಿಸಿದವರೂ ಉಂಟು. ಎರಡೂ ವಾದಗಳನ್ನು ಕೇಳಿ ತೂಗುವುದು ವಿದ್ಯಾರ್ಥಿಯ ಧರ್ಮ. ಯಾವುದೇ ಪಕ್ಷವನ್ನು ಅಳೆಯುವಾಗ ಎಷ್ಟು ಸ್ಥಾನ ಗೆದ್ದಿತೆಂದು ಮಾತ್ರ ಕೇಳದಿರಿ. ಸೋತಾಗ ಏನನ್ನು ಬಿಡಲಿಲ್ಲ, ಗೆಲ್ಲಲೆಂದು ಏನನ್ನು ಬಿಟ್ಟಿತು, ಯಾರ ಮನೆಯ ಬಾಗಿಲಿಗೆ ಹೋಗಲಿಲ್ಲ ಎಂಬುದನ್ನೂ ಕೇಳಿರಿ. ನಾಳೆ ಮತಪತ್ರದ ಮುಂದೆ ನಿಲ್ಲುವವರು ನೀವೇ ಅಲ್ಲವೇ?