ಯಾವ ಕಿರಣ, ಯಾವ ಗಾಯ?

ವಿಕಿರಣ ಚಿಕಿತ್ಸೆ ಕಲಿಯಲು ಸೇರಿರುವ ಕಿರಿಯಳಿಗೆ,

ಡಿಎನ್‌ಎ ದುರಸ್ತಿಯ ಶಕ್ತಿ ಹುಟ್ಟಿನಿಂದಲೇ ಕೆಟ್ಟಿರುವವರ ಜೀವಕೋಶಗಳು ವಿಕಿರಣಕ್ಕೆ ಸೂಕ್ಷ್ಮ ಎಂದು ಒಂದೇ ಸಾಲು ಬರೆದುಕೊಂಡು ಪುಟ ತಿರುಗಿಸಬೇಡ. ಯಾವ ಕಿರಣ, ಅದು ಮಾಡುವ ಗಾಯ ಎಂಥದು ಎಂದು ಕೇಳದಿದ್ದರೆ ಆ ಸಾಲಿನಿಂದ ಉಪಯೋಗವಿಲ್ಲ. ಜೆರೊಡರ್ಮಾ ಪಿಗ್ಮೆಂಟೋಸಮ್ ಎಂಬ ಕಾಯಿಲೆ ಇರುವವರ ಕೋಶಗಳು ಅತಿನೇರಳೆ ಕಿರಣದ ಹಾನಿಯನ್ನು ಸರಿಪಡಿಸಿಕೊಳ್ಳಲಾರವು ಎಂದು ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದರು. ಬಿಸಿಲಿಗೆ ಸೋಲುವ ಆ ಕೋಶಗಳೇ ಎಕ್ಸ್-ರೇಯನ್ನು ಹೆಚ್ಚುಕಡಿಮೆ ಎಲ್ಲರ ಕೋಶಗಳಂತೆ ತಾಳಿಕೊಳ್ಳುತ್ತವೆ. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಕಾಯಿಲೆಯಲ್ಲಿ ಇದು ತಿರುವುಮುರುವು. ಆ ರೋಗಿಗಳ ಚರ್ಮದ ಕೋಶಗಳನ್ನು ಬೆಳೆಸಿ, ಎಕ್ಸ್-ರೇ ಮತ್ತು ಗಾಮಾ ಕಿರಣಗಳಿಗೆ ಅವು ಬೇಗ ಸಾಯುತ್ತವೆಂದು ಮಾಲ್ಕಮ್ ಟೇಲರ್ ಮತ್ತು ಸಂಗಡಿಗರು 1975ರಲ್ಲಿ ಕಂಡರು. ಆರೋಗ್ಯವಂತರ ಕೋಶಗಳನ್ನು ಕೊಲ್ಲಲು ಬೇಕಾದ ವಿಕಿರಣದ ಸುಮಾರು ಮೂರನೇ ಒಂದು ಭಾಗ ಅವುಗಳಿಗೆ ಸಾಕು. ಆಶ್ಚರ್ಯವೆಂದರೆ, ತುಂಡಾದ ಡಿಎನ್‌ಎ ಎಳೆಗಳಲ್ಲಿ ಬಹುಪಾಲನ್ನು ಅವು ಬೆಸೆದುಕೊಳ್ಳುತ್ತವೆ. 1995ರಲ್ಲಿ ಯೋಸೆಫ್ ಶಿಲೋ ಅವರ ತಂಡ ಗುರುತಿಸಿದ ಎಟಿಎಂ ಜೀನ್, ಎಳೆ ತುಂಡಾಯಿತೆಂದು ಕೋಶಕ್ಕೆ ತಿಳಿಸಿ ಅದರ ವಿಭಜನೆಯನ್ನು ತಡೆಹಿಡಿಯುವಂಥದು. ಅದಿಲ್ಲದ ಕೋಶ ಗಾಯದ ನಡುವೆಯೇ ಡಿಎನ್‌ಎ ನಕಲು ಮಾಡುತ್ತ ಹೋಗುತ್ತದೆ.

ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾದಂಥ ಅಪರೂಪದ ಕಾಯಿಲೆಗೆ ಇಷ್ಟು ಯೋಚನೆ ಯಾಕೆ ಎಂದು ನಿನ್ನ ಜೊತೆಯವರು ಕೇಳಿಯಾರು. ಈ ಕಾಯಿಲೆಯಿರುವ ಮಕ್ಕಳಿಗೆ ರಕ್ತ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರ್ ಹೆಚ್ಚು. ಆದ್ದರಿಂದ ಅವರು ಬರುವುದು ನಿಮ್ಮ ವಿಭಾಗಕ್ಕೇ. 1960ರ ದಶಕದಲ್ಲಿ ಎಲ್ಲರಿಗೂ ಕೊಡುವ ಪ್ರಮಾಣದ ವಿಕಿರಣವನ್ನೇ ಇಂಥ ಮಕ್ಕಳಿಗೂ ಕೊಟ್ಟಾಗ ಅಂಗಾಂಶಗಳೇ ಕೊಳೆತು ಅವರು ತೀರಿಕೊಂಡರು. ಪ್ರಯೋಗಾಲಯದಲ್ಲಿ ಕಾರಣ ಗೊತ್ತಾದದ್ದು ಆಮೇಲೆ. ಈಗ ಕಾರಣ ಗೊತ್ತಿದ್ದೂ ತಪ್ಪಿದರೆ ಕ್ಷಮೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಹೆದರಿ ಎದೆಯ ಎಕ್ಸ್-ರೇಯನ್ನೂ ನಿರಾಕರಿಸುವುದು ಸರಿಯಲ್ಲ. ರೋಗಪತ್ತೆಗೆ ಬಳಸುವ ಪ್ರಮಾಣ ಚಿಕಿತ್ಸೆಯದಕ್ಕಿಂತ ಅತ್ಯಲ್ಪ, ಮೇಲಾಗಿ ಈ ಮಕ್ಕಳಿಗೆ ಶ್ವಾಸಕೋಶದ ಸೋಂಕು ಪದೇಪದೇ ಬರುತ್ತದೆ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಸಾಕಾಗುವಲ್ಲಿ ಅವನ್ನೇ ಬಳಸು. ನಿಜವಾಗಿ ಬೇಕಾದ ಚಿತ್ರವನ್ನು ತಪ್ಪಿಸಬೇಡ.

ತಂದೆತಾಯಿ ಇಬ್ಬರಿಂದಲೂ ಎಟಿಎಂ ಜೀನಿನ ಕೆಟ್ಟ ಪ್ರತಿ ಬಂದಾಗಲೇ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿ ಇರುವುದರಿಂದ ಅಂಥ ಸಂಭವ ಹೆಚ್ಚು. ತೂರಾಡುತ್ತ ನಡೆಯುವ, ಕಣ್ಣಿನ ಬಿಳಿಭಾಗದಲ್ಲಿ ಕೆಂಪು ನಾಳಗಳು ಹರಡಿರುವ ಮಗು ಕ್ಯಾನ್ಸರ್ ಎಂದು ನಿನ್ನ ಬಳಿ ಬಂದರೆ, ತಂದೆತಾಯಿ ಸಂಬಂಧಿಕರೇ ಎಂದು ಗೌರವದಿಂದ ಕೇಳು. ರಕ್ತದಲ್ಲಿ ಆಲ್ಫಾ ಫೀಟೊಪ್ರೋಟೀನ್ ನೋಡಿಸು, ಜೀನ್ ಪರೀಕ್ಷೆಗೆ ಕಳಿಸು. ಉತ್ತರ ಕೈಗೆ ಬರುವ ತನಕ ವಿಕಿರಣದ ಪ್ರಮಾಣ ಬರೆಯಬೇಡ.