ತೋಟದ ಮನೆಯ ಕೋವಿ: ತಡವಾಗಿ ಕಲಿತ ಪಾಠಗಳು

ಮಲೆನಾಡಿನಲ್ಲಿ ಅಡಿಕೆ ತೋಟ, ಗದ್ದೆ ಇರುವವರ ಮನೆಯಲ್ಲಿ ಕೋವಿ ಇರುವುದು ಹೊಸತೇನಲ್ಲ. ಲೈಸೆನ್ಸ್ ಪುಸ್ತಕದಲ್ಲಿ ‘ಬೆಳೆ ರಕ್ಷಣೆಗಾಗಿ’ ಎಂದು ಬರೆದಿರುತ್ತದೆ. ಅಪ್ಪನಿಂದ ನನಗೆ ಬಂದದ್ದೂ ಅಂಥದ್ದೇ ಒಂದು ಜೋಡುನಳಿಗೆ. ನಾನು ಒಳ್ಳೆಯ ಗುರಿಕಾರನಲ್ಲ, ಈಗಲೂ ಅಲ್ಲ. ಹೊಸದಾಗಿ ಲೈಸೆನ್ಸ್‌ಗೆ ಅರ್ಜಿ ಹಾಕುವ ಹುಡುಗರು ಬಂದು ‘ಯಾವ ಕೋವಿ ತಗೊಳ್ಳೋದು?’ ಎಂದು ಕೇಳುತ್ತಾರೆ. ಅದರ ಜೊತೆಗೆ ಅವರು ತಿಳಿಯಬೇಕಾದ ಕೆಲವು ಸಂಗತಿಗಳನ್ನು ನಾನು ತಪ್ಪು ಮಾಡಿಯೇ ತಿಳಿದುಕೊಂಡೆ.

1. ಅಪ್ಪನ ಕೋವಿ ತಾನಾಗಿ ಮಗನದಾಗುವುದಿಲ್ಲ

ಅಪ್ಪ ತೀರಿಕೊಂಡ ಮೇಲೆ ಕೋವಿ ಅಟ್ಟದ ಪೆಟ್ಟಿಗೆಯಲ್ಲೇ ಉಳಿಯಿತು. ವರ್ಷಾಂತಿಕ ಮುಗಿಯಲಿ, ನೋಡೋಣ ಎಂದುಕೊಂಡೆ. ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿ ಸುತ್ತುತ್ತಿದ್ದವನಿಗೆ ಕೋವಿಯ ಯೋಚನೆಯೇ ಬರಲಿಲ್ಲ. ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಿಗೆ. ಹಾಗಾಗಿ ಅಷ್ಟು ದಿನವೂ ನಾನು ಕಾನೂನು ಮುರಿದೇ ಇದ್ದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಇಂಥ ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕು. ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇನ್ನೊಂದು ದಾರಿಯೂ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಇಟ್ಟುಕೊಂಡು 25 ವರ್ಷವಾದಾಗ, ಅವರು ಬದುಕಿರುವಾಗಲೇ ವಾರಸುದಾರರು ಲೈಸೆನ್ಸ್ ಕೇಳಬಹುದು. ಮನೆಯಲ್ಲಿ ಹಿರಿಯರಿದ್ದರೆ ಈ ಮಾತನ್ನು ಈಗಲೇ ಎತ್ತಿ.

ಕೊಡಗಿನ ನೆಂಟರು ‘ನಮಗೆ ಲೈಸೆನ್ಸೇ ಬೇಡ’ ಎನ್ನುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಅದು, 2029ರವರೆಗೆ ವಿಸ್ತರಣೆಯಾಗಿದೆ. ಅದನ್ನು ನೋಡಿ ನಾವು ನಡೆದುಕೊಳ್ಳುವಂತಿಲ್ಲ.

2. ತೋಟಾ ಒಳಗೆ ಕೂತಿತು ಎಂದರೆ ಸರಿಹೊಂದಿತು ಎಂದಲ್ಲ

ನನ್ನದು ಹಳೆಯ ಕಾಲದ 12 ಬೋರ್. ಪೇಟೆಯಿಂದ ತಂದ ತೋಟಾ ಸಲೀಸಾಗಿ ಕೂತಿತು, ಹೊಡೆದೆ. ಭುಜಕ್ಕೆ ಬಿದ್ದ ಒದೆತ ವಾರ ಕಳೆದರೂ ನೋಯುತ್ತಿತ್ತು. ಕೋವಿ ರಿಪೇರಿ ಮಾಡುವವರು ಅಳೆದು ನೋಡಿ ಬೈದರು. ತೋಟಾ ಕೂರುವ ಚೇಂಬರ್ 65 ಮಿಲಿಮೀಟರ್, ನಾನು ಹಾಕಿದ ತೋಟಾ 70ರದ್ದು. ಹೊಸ ತೋಟಾದ ಬಾಯಿ ಒಳಕ್ಕೆ ಮಡಚಿರುತ್ತದೆ. ಹಾಗಾಗಿ ಕೈಯಲ್ಲಿ ಗಿಡ್ಡವಾಗಿ ಕಂಡು ಒಳಗೆ ಕೂರುತ್ತದೆ. ಈಡು ಹಾರಿದಾಗ ಆ ಮಡಿಕೆ ಬಿಚ್ಚಿಕೊಂಡು ನಳಿಗೆಯ ಕಿರಿದಾದ ಭಾಗಕ್ಕೆ ಚಾಚುತ್ತದೆ, ಒತ್ತಡ ಏರುತ್ತದೆ. ಹಳೆಯ ಕೋವಿ ಕೊಳ್ಳುವವರು ಮೊದಲು ಈ ಅಳತೆ ಮಾಡಿಸಿ. ನಳಿಗೆಯನ್ನು ಬೆಳಕಿಗೆ ಹಿಡಿದು ತುಕ್ಕಿನ ಗುಳಿ, ನಗ್ಗು ಇದೆಯೇ ನೋಡಿ. ಹೊರಮೈಯಲ್ಲಿ ಅಲೆಅಲೆಯಾದ ಗೆರೆ ಕಾಣುವ ಡಮಾಸ್ಕಸ್ ನಳಿಗೆ ಎಷ್ಟೇ ಚಂದವಿದ್ದರೂ ಅದರಲ್ಲಿ ಈಗಿನ ತೋಟಾ ಹೊಡೆಯಬೇಡಿ.

ಹಂದಿ, ಮಂಗ ಓಡಿಸುವ ಸದ್ದಿಗೆ ಹಗುರವಾದ ಒಂಟಿನಳಿಗೆ ಧಾರಾಳ ಸಾಕು.

3. ಸದ್ದಿನ ಕಡೆಗೆ ಕೋವಿ ಎತ್ತಬೇಡಿ

ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ. ಗದ್ದೆಗೆ ಹಂದಿ ದಾಳಿ ಇದ್ದ ದಿನಗಳು. ಕತ್ತಲಲ್ಲಿ ತೋಟದ ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ, ಸೋಗೆ ಮುರಿದ ಸದ್ದಾಯಿತು, ಏನೋ ಬಗ್ಗಿಕೊಂಡು ಸರಿದಂತೆ ಕಂಡಿತು. ಕೋವಿ ಭುಜಕ್ಕೇರಿತ್ತು, ಬೆರಳು ಟ್ರಿಗರ್ ಮೇಲಿತ್ತು. ಆಗ ಅಲ್ಲಿಂದ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ಅಣ್ಣಯ್ಯ ನೀರು ತಿರುಗಿಸಲು ಬಂದಿದ್ದರು. ಟಾರ್ಚಿನ ಸೆಲ್ ಹೋಗಿತ್ತಂತೆ. ‘ಯಾರೋ ಅದು?’ ಎಂದು ಅವರು ಕೇಳಿದಾಗ ನನಗೆ ಉತ್ತರ ಹೊರಡಲಿಲ್ಲ. ಅವರಿಗೆ ನಿಜ ಹೇಳಲು ಧೈರ್ಯ ಬಂದದ್ದು ಎಷ್ಟೋ ವರ್ಷದ ಮೇಲೆ.

ಜೊತೆಗಾರನನ್ನೇ ಹಂದಿ ಎಂದುಕೊಂಡು ಹೊಡೆದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಡೆದವರು ಕೆಟ್ಟವರಲ್ಲ, ನನ್ನಂಥವರೇ. ಅಂದಿನಿಂದ ಪೂರ್ತಿ ಕಾಣದ್ದರ ಕಡೆಗೆ ನಾನು ಕೋವಿ ತಿರುಗಿಸಿಲ್ಲ. ಕಂಡರೂ ಅದರ ಹಿಂದೆ ಏನಿದೆ ಎಂದು ನೋಡುತ್ತೇನೆ. 6ನೇ ನಂಬರಿನ ಸಣ್ಣ ಚರೆಯೇ 200 ಮೀಟರ್ ಹಾರಬಲ್ಲದು. ಎಲ್‌ಜಿಯ ದಪ್ಪ ಚರೆ ಅರ್ಧ ಕಿಲೋಮೀಟರ್ ದಾಟುತ್ತದೆ. ನಮ್ಮ ತೋಟಗಳಲ್ಲಿ ಅಷ್ಟು ದೂರದೊಳಗೆ ಯಾರದಾದರೂ ಮನೆ, ಕೊಟ್ಟಿಗೆ, ಕಾಲುದಾರಿ ಇದ್ದೇ ಇರುತ್ತದೆ.

4. ಕೋವಿ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ

‘ನನ್ನ ಬೆಳೆ, ನನ್ನ ಕೋವಿ’ ಎಂದು ವಾದಿಸಿದವರಲ್ಲಿ ನಾನೂ ಒಬ್ಬ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ. ಗದ್ದೆ ಉತ್ತು ಹಾಕಿದ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಅಧಿಕೃತ ಅಪ್ಪಣೆ ಬೇಕು. ಗಾಳಿಗೆ ಹಾರಿಸಿದ ಸದ್ದಿಗೆ ಹಂದಿಗಳು ಕೆಲವು ದಿನ ಹೆದರುತ್ತವೆ, ಆಮೇಲೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಗದ್ದೆ ಉಳಿಸಿದ್ದು ಸೋಲಾರ್ ಬೇಲಿ. ಅದಕ್ಕೂ ದುಡಿಮೆ ಬೇಕು. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ಸೋರಿಹೋಗುತ್ತದೆ, ಹಾಗಾಗಿ ಸವರುತ್ತಲೇ ಇರಬೇಕು. ಆದರೆ ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವ ಕೆಲಸ ಮಾತ್ರ ಯಾರೂ ಮಾಡಬೇಡಿ, ಅದು ಮನುಷ್ಯರನ್ನೂ ದನಗಳನ್ನೂ ಆನೆಗಳನ್ನೂ ಕೊಂದಿದೆ. ಬೆಳೆ ಹಾಳಾದರೆ ಫೋಟೊ ತೆಗೆದು ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

5. ಕೊಬ್ಬರಿ ಎಣ್ಣೆ ಕೋವಿಗಲ್ಲ

ಕೈಗೆ ಸಿಕ್ಕಿದ್ದು ಅದೇ ಎಂದು ಹಚ್ಚಿದೆ. ಚಳಿಗಾಲದಲ್ಲಿ ಗಟ್ಟಿಯಾಯಿತು, ಧೂಳು ಸೇರಿ ಅಂಟಾಯಿತು, ಕೋವಿ ಮಡಚುವುದೇ ಕಷ್ಟವಾಯಿತು. ಕೋವಿಗೆಂದೇ ಇರುವ ಎಣ್ಣೆ ಒಂದು ಸೀಸೆ ತಂದರೆ ವರ್ಷಗಟ್ಟಲೆ ಬರುತ್ತದೆ. ಕರಿಮದ್ದು ತುಂಬಿ ಹೊಡೆಯುವ ಕೇಪಿನ ಕೋವಿ ಇರುವವರು ಈಡು ಹೊಡೆದ ದಿನವೇ ನಳಿಗೆ ತೊಳೆಯಬೇಕು. ಕರಿಮದ್ದಿನ ಮಸಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಬಿಸಿನೀರಿಗೆ ಅದು ಬಿಡುತ್ತದೆ, ಆಮೇಲೆ ಚೆನ್ನಾಗಿ ಒಣಗಿಸಿ ಎಣ್ಣೆ ಹಚ್ಚಿ.

6. ತುಂಬಿದ ಕೋವಿ ಹೊಸ್ತಿಲು ದಾಟಬಾರದು

ಅಂಗಳದಲ್ಲೇ ಮಡಚಿ, ತೋಟಾ ತೆಗೆದು, ಎರಡೂ ನಳಿಗೆಯೊಳಗೆ ಕಣ್ಣಿಟ್ಟು ನೋಡಿ ಒಳಗೆ ಬರುತ್ತೇನೆ. ಕೋವಿಗೆ ಒಂದು ಬೀಗ, ತೋಟಾಗಳಿಗೆ ಇನ್ನೊಂದು. ಮಕ್ಕಳಿಗಾಗಿ ಇದನ್ನು ಎಲ್ಲರೂ ಹೇಳುತ್ತಾರೆ. ದೊಡ್ಡವರ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾಲ, ಕೊಳೆರೋಗ, ಮನೆಯೊಳಗಿನ ಜಗಳ ಇವುಗಳಿಂದ ಯಾರ ಮನಸ್ಸಾದರೂ ಕುಗ್ಗಿದ್ದರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅಂಗಡಿಯಲ್ಲೋ ಠಾಣೆಯಲ್ಲೋ ಜಮಾ ಮಾಡಿ. ಅಡಿಕೆಗೆ ರೇಟು ಬಿದ್ದ ಒಂದು ವರ್ಷ ನಮ್ಮ ಮನೆಯವಳು ಹೇಳಿದ್ದಕ್ಕೆ ನಾನೇ ಹಾಗೆ ಮಾಡಿದೆ. ಅವಳ ಮಾತು ಕೇಳಿದ್ದು ಒಳ್ಳೆಯದಾಯಿತು.

7. ಒಪ್ಪಿಸುವಾಗ ರಸೀದಿ ತನ್ನಿ

ಚುನಾವಣೆ ಬಂತೆಂದರೆ ಕೋವಿ ಜಮಾ ಮಾಡಲು ಹೇಳಿಕೆ ಬರುತ್ತದೆ. ಒಮ್ಮೆ ಹಾಗೇ ಕೊಟ್ಟು ಬಂದೆ, ವಾಪಸು ಬಂದಾಗ ನಳಿಗೆ ತುಕ್ಕು ಹಿಡಿದಿತ್ತು. ಯಾವ ಸ್ಥಿತಿಯಲ್ಲಿ ಕೊಟ್ಟೆ ಎನ್ನಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಈಗ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಫೋಟೊ ತೆಗೆದು, ನಂಬರ್ ಬರೆಸಿದ ರಸೀದಿ ಪಡೆದೇ ಬರುತ್ತೇನೆ. ರಸೀದಿಯಂತೆ ಲೈಸೆನ್ಸ್ ಪುಸ್ತಕದ ಮೇಲೂ ಕಣ್ಣಿರಲಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಅವಧಿ ಉದ್ದವಾದಷ್ಟೂ ನವೀಕರಣ ಮರೆಯುವುದು ಸುಲಭ. ಇದನ್ನು ಓದಿದ ಮೇಲೆ ಕಪಾಟಿನಿಂದ ನಿಮ್ಮ ಪುಸ್ತಕ ತೆಗೆದು ಕೊನೆಯ ದಿನಾಂಕ ಒಮ್ಮೆ ನೋಡಿಬಿಡಿ.